ಜುಲೈಯಲ್ಲಿ ಉಣ್ಣೆಯ ಕೋಟು

ರೂವಿಯ ಅಂಗಡಿಯಲ್ಲಿ ಉಣ್ಣೆಯ ಕೋಟು ಕೇಳಿದಾಗ
ಹುಡುಗ ಹೊರಗಿನ ಬಿಸಿಲನ್ನೊಮ್ಮೆ ನನ್ನನ್ನೊಮ್ಮೆ ನೋಡಿದ.
ನಲವತ್ತಾರು ಡಿಗ್ರಿ.
ಅಟ್ಟದಿಂದ ಇಳಿಸಿ, ಧೂಳು ಕೊಡವಿ,
ಅರ್ಧ ಬೆಲೆಗೆ ಕೊಟ್ಟ, ಕನಿಕರದಿಂದಲೋ ಏನೋ.

ಮನೆಗೆ ಬಂದು ಏಸಿ ಹದಿನಾರಕ್ಕಿಟ್ಟು
ಕತ್ತಿನವರೆಗೂ ಗುಂಡಿ ಹಾಕಿ ಅಡುಗೆಮನೆಯ ಸ್ಟೂಲಿನಲ್ಲಿ ಕೂತೆ.
ಫೋನಿನಲ್ಲಿ ಸಿಹೆಮ್ ನಕ್ಕಳು:
ಇದಕ್ಕಿಂತ ದಪ್ಪದ್ದು ಬೇಕು, ಅಪೊಲಿನ್.

ಸಿಹೆಮ್ ಟ್ಯುನೀಸಿಯಾದವಳು. ಡಯಾಲಿಸಿಸ್ ವಾರ್ಡಿನಲ್ಲಿ
ಹತ್ತೊಂಬತ್ತು ವರ್ಷ ನನ್ನ ಪಕ್ಕದ ಯಂತ್ರದವಳು.
ಗಂಡ ತೀರಿದ ಮೇಲೆ ಅವನ ಊರಿಗೇ ಹೋದಳು.
ನದಿಯ ಪಕ್ಕ ಎರಡು ಕೋಣೆ, ಒಂದು ಖಾಲಿ.
ಆ ಊರಿನ ಹೆಸರಿಗೆ ಒಂಬತ್ತು ಅಕ್ಷರ,
ಬಾಯಿಗೆ ಬರುವುದು ನಾಲ್ಕೇ.
ಉಳಿದವು ಸುಮ್ಮನಿರುತ್ತವೆ; ಬಿಟ್ಟು ಬರೆದರೆ ಮಾತ್ರ ತಪ್ಪು.
ಬರೆದದ್ದನ್ನೆಲ್ಲ ಓದುವ ಕನ್ನಡದವಳು ನಾನು,
ಆದರೂ ಬೇಗ ಅರ್ಥವಾಯಿತು.
ಈ ದೇಶದ ರಿಜಿಸ್ಟರಿನಲ್ಲಿ ಹಾಗೇ ಇದ್ದೆನಲ್ಲ.

ಅವರ 'ರ' ಗಂಟಲಿನದು.
ಅದೂ ತೊಡಕಾಗಲಿಲ್ಲ. ಮಗ್ರಿಬ್ ಎನ್ನುವುದನ್ನು
ಉಮ್ ಸಲೀಂ ತಿದ್ದಿ ತಿದ್ದಿ ಕಲಿಸಿದ್ದಳು,
ವಾರಕ್ಕೆ ಮೂರು ದಿನ, ನಾಲ್ಕು ತಾಸು, ತೋಳಿನಲ್ಲಿ ಎರಡು ಸೂಜಿ.
ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಗುಂಯ್ ಎನ್ನುತ್ತದಲ್ಲ ರಕ್ತ,
ಅದನ್ನೇ ಗಂಟಲಿಗೆ ತಂದುಕೊಂಡರಾಯಿತು.
ಅವಳು ಹೋಗಿ ಆರು ವರ್ಷ. ಉಚ್ಚಾರ ಉಳಿದಿದೆ.

ಕಷ್ಟ ಬೇರೆಯದು. ಮೇಜು ಹೆಣ್ಣಂತೆ.
ಚಮಚ ಹೆಣ್ಣು, ಚಾಕು ಗಂಡು.
'ಅದು' ಎಂದು ಕರೆದು ಪಾರಾಗುವಂತಿಲ್ಲ ಯಾವುದನ್ನೂ.
ರಾತ್ರಿ ಪಾತ್ರೆ ತೊಳೆಯುತ್ತ ಒಂದೊಂದನ್ನೂ ವಿಚಾರಿಸುತ್ತೇನೆ,
ನೀನು ಅವನೋ, ಅವಳೋ?
ಕುಕ್ಕರನ್ನು ಕೇಳುವುದಿಲ್ಲ. ಅದನ್ನು ಒಯ್ಯುತ್ತಿಲ್ಲ.

ಗ್ರಾಚ್ಯುಟಿಯ ಕಾಗದ ಬಂತು, ವಿಮೆಯದು ಬರಬೇಕು.
ಬಾಫತ್ ಹುಡಿ ಎರಡು ಕಿಲೊ ಕಟ್ಟಿಟ್ಟಿದ್ದೇನೆ.
ಏಸಿಯ ನೀರು ಕುಡಿದು ಬೆಳೆದ ಕರಿಬೇವು
ವಾಚ್‌ಮನ್ ಮೊಫಿಜುಲನಿಗೆ.
ಡಿಸೆಂಬರಿನಲ್ಲಿ ಏಸಿ ಓಡುವುದಿಲ್ಲ, ಆಗ ನೀನೇ ನೀರು ಹಾಕಬೇಕು
ಎಂದು ಮೂರು ಸಲ ಹೇಳಿದ್ದೇನೆ.

ಊರಿಗೇ ಹೋಗಬಾರದಾ, ಎಂದರು ಲಿಲ್ಲಿ ಬಾಯಿ, ಚರ್ಚಿನ ಹೊರಗೆ.
ಊರಲ್ಲಿ ನಾನು ಮೂವತ್ತು ದಿನದ ಹೆಂಗಸು, ಬಾಯಿ.
ಮೂವತ್ತೊಂದನೆಯ ದಿನ ಅತ್ತಿಗೆ ಕೇಳುತ್ತಾಳೆ,
ಟಿಕೆಟ್ ಯಾವತ್ತಿಗೆ ಅಂತ.
ಬೇಸರದಿಂದಲ್ಲ.
ರೂಢಿಯಿಂದ.

ಇವತ್ತಿನ ಪಾಠ: ಎಷ್ಟು ವರ್ಷದಿಂದ ಇಲ್ಲಿದ್ದೀರಿ?
ಇಂಗ್ಲಿಷಿನಲ್ಲಾದರೆ ಕ್ರಿಯಾಪದ ಹಿಂದಕ್ಕೆ ಬಾಗುತ್ತದೆ.
ಅವರಲ್ಲಿ ಬಾಗುವುದಿಲ್ಲ. ನಮ್ಮಲ್ಲೂ ಇಲ್ಲ.
ಇಪ್ಪತ್ತೊಂಬತ್ತು ವರ್ಷದಿಂದ ಇದ್ದೇನೆ.
ಹದಿನೇಳಕ್ಕೆ ವೀಸಾ ರದ್ದು.
ಇದ್ದೇನೆ.
ಇನ್ನೊಮ್ಮೆ ಹೇಳು, ಎನ್ನುತ್ತಾಳೆ ಸಿಹೆಮ್,
ಕೊನೆಯ ಅಕ್ಷರ ನುಂಗಬೇಕು.

ಹದಿನಾರರಲ್ಲೂ ಕೋಟಿನೊಳಗೆ ಬೆನ್ನು ಬೆವರಿದೆ.
ಬಾಲ್ಕನಿಯಲ್ಲಿ ಬಕೆಟ್ಟಿಗೆ ಹನಿ ಬೀಳುವ ಸದ್ದು ಬದಲಾಗಿದೆ,
ತುಂಬಿತೇನೋ.
ಎದ್ದು ನೋಡಬೇಕು.