ಹಲ್ಲು ಅಂಗಡಿಯದು

ಗಲೀಸಿಯಾದ ಕಡಲಂಚು. ಚಿಪ್ಪು ಹೆಕ್ಕುವ ಹೆಂಗಸರ ಸೊಸೈಟಿ.
ಬ್ರಾಯ್ಸ್ ಲ್ಯಾಪ್‌ಟಾಪ್ ಬಿಚ್ಚಿದ:
"ಇದು ಸಿದ್ಧ ಸರಕು. ಇವತ್ತೇ ಶುರು. ಬಣ್ಣ ನಿಮ್ಮಿಷ್ಟ."
ತಾರೀಖಿನ ಚೌಕಗಳು, ಮೂವತ್ತು, ಅಚ್ಚುಕಟ್ಟು.

"ಇಳಿತ ಎಲ್ಲಿ?" ಎಂದಳು ದೊಸಿಂದಾ.
"ಕಡಲು ಹಿಂದೆ ಸರಿದಾಗ ನಮಗೆ ಬೆಳಗು,
ನಿನ್ನ ಚೌಕದಲ್ಲಲ್ಲ."

ಹೊಸದಾಗಿಯೇ ಬರೆಯಬಹುದು. ಎಂಟು ತಿಂಗಳು,
ಎರಡು ಹಂಗಾಮಿನ ಚಿಪ್ಪಿನ ದುಡ್ಡು.
ನಾಳೆ ಅವನು ವೀಗೋಗೆ ಹೊರಟುಹೋದರೆ
ಅವನೇ ಹಾಕಿದ ಗಂಟು ಬಿಚ್ಚುವವರಾರು?

ಯಾರೂ ಮಾತಾಡಲಿಲ್ಲ.
ಗೋಡೆಗೆ ಒರಗಿದ್ದವು ಒದ್ದೆ ಹಲುಬೆಗಳು:
ಕಬ್ಬಿಣದ ಹಲ್ಲು ಎಲ್ಲಕ್ಕೂ ಒಂದೇ ಅಂಗಡಿಯದು,
ಹಿಡಿ ಮಾತ್ರ
ಒಬ್ಬೊಬ್ಬಳ ಎತ್ತರಕ್ಕೆ ಕಡಿದದ್ದು.

ದೊಸಿಂದಾ ತನ್ನದನ್ನೆತ್ತಿ
ಹುಡುಗನ ಕೈಗಿಟ್ಟಳು.
ಅವನಿಗೆ ಅದು ಗಿಡ್ಡ.
ಬಗ್ಗಿದ.