ಅರವತ್ತು ಹಲ್ಲು

ಊದಬ್ಯಾಡ ದಸ್ತಗೀರ, ಕೆಳಗ ಇಡು.
ನಿನಗಿಂತ ಮೊದಲು ಊದಿದವರ ಉಗುಳ
ಇದರ ಹಲ್ಲಿಗೆ ಹಸರಾಗಿ ಕುಂತದ,
ತಾಮ್ರದ ತಂಬಿಗ್ಯಾಗ ಮಜ್ಜಿಗಿ ಮರತಂಗ.

ಮಂಗಳವಾರ ಬಜಾರದಾಗ ಹನ್ನೊಂದು ಕ್ಯಾಸೆಟ್,
ಇಲಿ ಕಡದ ಎರಡು ರಿಮೋಟ್, ಒಂದು ಬಂದೂಕು,
ಎಲ್ಲಾ ಕೂಡಿ ನೂರಾ ಎಂಬತ್ತು.
ಚಹಾದಂಗಡಿ ಗಲ್ಲಾದ ರೊಕ್ಕ, ನಿಮ್ಮಪ್ಪಗ ಗೊತ್ತದೋ ಇಲ್ಲೋ.
ಒಂದೂ ಹತ್ತವಲ್ದು.
ಟೀವ್ಯಾಗ ಬರೇ ಬೂದಿ.

ಕುಂಡರು.
ಆ ಸ್ಟೂಲಿಗೆ ಮೂರೇ ಕಾಲು, ಗ್ವಾಡಿಗೆ ಹತ್ತಿ ಕುಂಡರು.

ಕೆಟ್ಟಿದ್ದು ಕ್ಯಾಸೆಟ್ಟೋ, ಡಬ್ಬಿಯೋ, ಅಡಾಪ್ಟರೋ?
ನನ್ನ ಕಡೆ ಒಂದು ಹಳದಿ ಕ್ಯಾಸೆಟ್ ಅದ,
ಎಂದೂ ಸುಳ್ಳು ಹೇಳಿದ್ದಲ್ಲ.
ಅದನ್ನ ತುರುಕಿದೆ, ಹತ್ತಿತು.
ಅಂದಮ್ಯಾಲೆ ಡಬ್ಬಿ ಬರೋಬ್ಬರಿ. ಇನ್ನ ಪಾಳಿ ಇವರದು.

ಸ್ಕ್ರೂ ಇದ್ದದ್ದು ಬಿಚ್ಚಬೇಕು,
ಇಲ್ಲದ್ದು ಬ್ಲೇಡಿನಿಂದ, ಶೇಂಗಾ ಒಡದಂಗ, ಟಪ್.
ಒಳಗ ಏನದ ನೋಡು. ಇಷ್ಟೇ.
ಅಂಗೈಯಷ್ಟು ಹಸರ ಪಟ್ಟಿ,
ಮುಂದ ಮೂವತ್ತು ಹಲ್ಲು, ಹಿಂದ ಮೂವತ್ತು.
ಚೀಟಿ ಮ್ಯಾಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ.
ನಾ ಎಣಿಸೀನಿ: ಏಳು.
ಕಾರಖಾನಿ ಮಾಲಕರ ಬೋನಸ್ ಲೆಕ್ಕ ಇದು,
ಹೆಸರು ಬ್ಯಾರೆ ಬ್ಯಾರೆ, ರೊಕ್ಕ ಅದೇ.

ಸಾಲಿ ಹುಡುಗರ ಬಿಳಿ ರಬ್ಬರ್ ತಗೋ.
ಒಂದೇ ದಿಕ್ಕಿಗೆ ತಿಕ್ಕು, ಹಿಂದಮುಂದ ಎಳಿಬ್ಯಾಡ.
ಉದುರೋ ಕರಿ ಚೂರು ಕೈಯಿಂದ ಸರಿಸು.
ಯಾರ ಮನಿ ಹುಡುಗರೋ,
ಯಾವ ಬ್ಯಾಸಗಿ ರಜೆಯೋ,
ಒಂದೊಂದು ಉಸರು ಇಲ್ಲೇ ಗಟ್ಟಿ ಆಗ್ಯಾವ.
ಹತ್ತಿಗೆ ಸ್ಪಿರಿಟ್ ಹಚ್ಚಿ ಒರಸು. ಒಣಗಲಿ. ಗಡಿಬಿಡಿ ಮಾಡಬ್ಯಾಡ.

ಆರು ಹತ್ತಿದವು.
ನಾಕಕ್ಕ ಜೀವ ಇಲ್ಲ. ಈ ಕರಿ ಡಾಂಬರದ ಗುಡ್ಡಿ ಅದಲಾ,
ಚಿಪ್ ಅದರೊಳಗ ಸತ್ತದ.
ಗೋರಿ ಅಗದು ಬದುಕಿಸಿದವರು ಯಾರೂ ಇಲ್ಲ. ಆ ಕಡೆ ಇಡು.

ಉಳದದ್ದು ಒಂದು. ಹತ್ತತದ, ಆದರ ನೋಡು,
ಆ ಮನಷ್ಯಾಗ ಎರಡೂ ಎಡಗೈ.
ಎರಡೂ ಎಡಗಣ್ಣು.
ಒಂದು ಚೌಕ ಸುದ್ದ ಅದ,
ಅದರ ಜೋಡಿ ಚೌಕದಾಗ ಮತ್ತ ಅದೇ ಬಂದು ನಿಂತದ.
ಆಕಾಶದಾಗೂ ಹಂಗೇ, ಅಂಕಿಯೊಳಗೂ ಹಂಗೇ.

ನಗಬ್ಯಾಡೋ, ತಡಿ.

ನಮ್ಮಪ್ಪ ಸಾಖರ್ ಪೇಠದಾಗ ಚಾದರಕ್ಕ ಕಾರ್ಡ್ ಹೊಡಿತಿದ್ದ.
ತೂತಿದ್ದಲ್ಲಿ ದಾರ ಏಳತದ, ಇಲ್ಲದಲ್ಲಿ ಮಲಗತದ,
ಮೂರು ಸಾವಿರ ಕಾರ್ಡಿಗೆ ಒಂದು ನವಿಲ.
ಮಾಲಕರು ಚಾದರ ಹರವಿ ನೋಡತಿದ್ದರು,
ಅಪ್ಪ ತಿರುವಿ ನೋಡತಿದ್ದ.
"ನವಿಲಿಗೊಮ್ಮೆ ತಪ್ಪಿದರ ಕಾರ್ಡ್, ನೀಲಾ,
ಉದ್ದಕ್ಕೂ ತಪ್ಪಕೋತ ಹೋದರ ಹುಕ್."
ಕಂಪ್ಯೂಟರ್ ಮಗ್ಗ ಬಂದ ವರ್ಷ ಕಾರ್ಡ್ ಎಲ್ಲಾ ರದ್ದಿಗೆ ಹೋದವು.
ತೂತಿನ ಕಾಗದ ಚುರಮುರಿ ಕಟ್ಟಾಕೂ ಬರಂಗಿಲ್ಲ ಅಂತ
ರದ್ದಿಯವ ಕಿಲೋಕ್ಕ ಎಂಟಾಣೆ ಮುರಕೊಂಡ.
ಅಪ್ಪ ಜಗಳ ತಗದದ್ದು ಎಂಟಾಣೆಕ್ಕ.
ಬ್ಯಾರೆ ಏನೂ ಅನ್ನಲಿಲ್ಲ.

ಇದೂ ಉದ್ದಕ್ಕೂ ತಪ್ಯದ, ದಸ್ತಗೀರ.
ಎಲ್ಲಾ ಪಡದೆಕ್ಕ, ಅದೇ ಜೋಡಿಗೆ.
ಕಾರ್ಡ್ ಕೆಟ್ಟಿಲ್ಲ. ಯಾವುದೋ ಒಂದು ಹುಕ್ ಏಳವಲ್ದು.

ಮೀಟರ್ ಹಿಡಿದು ಒಂದೊಂದೇ ಹಲ್ಲು ಕೇಳಿದೆ.
ಪೀ. ಪೀ. ಪೀ.
ಮುಂದಿನ ಸಾಲಿನ ಇಪ್ಪತ್ತೊಂದನೇದು
ಬಾಯಿ ಬಿಡಲಿಲ್ಲ.
ಭೂತಗನ್ನಡಿ ತಾ. ಕಂಡಿತು?
ಕೂದಲಷ್ಟು ಸೀಳ, ಯಾರೋ ಸಿಟ್ಟಿಲೆ ಕಿತ್ತಾರ.
ವಯರಿನ ಒಂದೇ ಎಳಿ, ಸಾಸವಿಯಷ್ಟು ಸೋಲ್ಡರ್,
ನೀ ಉಸರ ಹಿಡಿ, ನನ್ನ ಕೈ ನಡಗತದ.

ಪೀ.

ಈಗ ಹಾಕು.
ಬಂತಲಾ ಬಲಗೈ.
ಓಡಸು. ಅಯ್ಯ, ಮೊದಲನೇ ತಗ್ಗಿನಾಗೇ ಬಿದ್ದು ಸತ್ತೆಲ್ಲೋ.
ನನಗ ಆಡಾಕ ಬರಂಗಿಲ್ಲ, ಕೊಡಬ್ಯಾಡ,
ನಾ ಟೀವಿ ಹಿಂದೇ ಸುದ್ದ ಇದ್ದೀನಿ.

ಇದೊಂದಕ್ಕ ಅರವತ್ತು ರೂಪಾಯಿ, ಹಲ್ಲಿಗೊಂದರಂಗ.
ಇಲ್ಲ, ಐವತ್ತೊಂಬತ್ತು ಕೊಡು,
ಒಂದು ಅಪ್ಪ ನೋಡಿದ್ದು.

ಚಿಲ್ಲರ ಇಲ್ಲಾ?
ಹಂಗಾರ ನಾಳಿ ಚಹಾ ತಾ. ಸಕ್ಕರಿ ಕಡಿಮಿ ಇರಲಿ.