ಮಗ್ಗುಲಾದ ಗ್ರಹ

ವಾರ್ಡೋದಲ್ಲಿ ಸೂರ್ಯ ಕಾಣದೆ ಮೂರು ವಾರ.
ಬೆಳಗಿನ ಹತ್ತಕ್ಕೂ ಕಿಟಕಿಯಲ್ಲಿ ಬಂದರಿನ ದೀಪಗಳೇ.

ಇವತ್ತು ಟೂರಿಲ್ ಸರದಿ.
ಶನಿಯ ಬಳೆಗೆ ಆಸೆಪಟ್ಟವಳಿಗೆ
ಚೀಟಿ ಎತ್ತಿದಾಗ ಸಿಕ್ಕಿದ್ದು ಯುರೇನಸ್.
ನೀಲಿ ಬಳಿದ ಟರ್ನಿಪ್ ಗಡ್ಡೆ, ನಡುವೆ ಹೆಣಿಗೆ ಕಡ್ಡಿ;
ಮೇಜಿನ ಮೇಲಿಟ್ಟದ್ದೇ ಹೊರಳಿ ಬಿತ್ತು.
ತರಗತಿ ಗೊಳ್ಳೆಂದಿತು.
"ಅದು ಇರುವುದೇ ಹಾಗೆ," ಅಂದಳು, "ಮಗ್ಗುಲಾಗಿ."

ಮೋಡಕ್ಕೆ ಕೊಳೆತ ಮೊಟ್ಟೆಯ ನಾತ. ಮತ್ತೆ ನಗು.
ಉಪಗ್ರಹಗಳ ಲೆಕ್ಕ ಮರೆತಳು, ಟಿಪ್ಪಣಿ ತಿರುವಿದಳು,
ಟಿಪ್ಪಣಿ ಮಡಚಿಟ್ಟಳು:

"ಅಲ್ಲಿ ಧ್ರುವದ ಒಂದು ರಾತ್ರಿಗೆ ನಲವತ್ತೆರಡು ವರ್ಷ.
ನನ್ನಪ್ಪನಿಗೀಗ ನಲವತ್ತೆರಡು.
ಕತ್ತಲಾದ ದಿನವೇ ಅಲ್ಲಿ ಹುಟ್ಟಿದ್ದರೆ
ಬಲೆ ಹೊಲಿಯುವುದು, ಮೀನು ಸೀಳುವುದು, ಅಮ್ಮನ ಮುಖ,
ನಾನು, ಎಲ್ಲ ಅವನಿಗೆ ದೀಪದ ಬೆಳಕಲ್ಲೇ ಗೊತ್ತು.
ನಾಳೆ ಮೊದಲ ಸಲ ಸೂರ್ಯ."

ಹಿಂದಿನ ಬೆಂಚಿನ ಓಡ್ವಾರ್ ಕೈಯೆತ್ತಿದ:
"ಹಾಗಾದರೆ ಸೂರ್ಯನ ಬನ್ನು ಎಷ್ಟು ಬಾಕಿ ಅವನಿಗೆ?"
(ಜನವರಿಯಲ್ಲಿ ಬಿಸಿಲು ಮರಳಿದ ದಿನ
ನಮ್ಮ ಶಾಲೆಯಲ್ಲಿ ತಲೆಗೊಂದು.)

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.
"ಒಂದೇ. ಆದರೆ ಬಿಸಿಯಾಗಿರಬೇಕು."

ಉಪಗ್ರಹಕ್ಕೆ ಎರಡು ಅಂಕ ಕಳೆದೆ.
ಕಳೆಯಲೇಬೇಕಿತ್ತು.